ಅಗಾಥಾ ಕ್ರಿಸ್ಟಿ ಕಣ್ಮರೆಯಾಗಿದ್ದು ಪ್ರಚಾರಕ್ಕಲ್ಲ

‘ಪುಸ್ತಕ ಖರ್ಚಾಗಲೆಂದು ಅಗಾಥಾ ಕ್ರಿಸ್ಟಿ 11 ದಿನ ಅಡಗಿ ಕೂತಿದ್ದರು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇಂಗ್ಲೆಂಡಿನ ಈ ಪತ್ತೇದಾರಿ ಕಾದಂಬರಿಗಾರ್ತಿ ಕಣ್ಮರೆಯಾಗಿದ್ದು ನಿಜ, ಕೊಟ್ಟಿರುವ ಕಾರಣಕ್ಕೆ ಆಧಾರವಿಲ್ಲ.

1926ರ ಏಪ್ರಿಲ್‌ನಲ್ಲಿ ಅಗಾಥಾ ಅವರ ತಾಯಿ ತೀರಿಕೊಂಡರು. ಆ ದುಃಖ ಆರುವ ಮೊದಲೇ ಗಂಡ ಆರ್ಚಿ, ತಾನು ನ್ಯಾನ್ಸಿ ನೀಲ್ ಎಂಬಾಕೆಯನ್ನು ಪ್ರೀತಿಸುತ್ತಿದ್ದೇನೆಂದು ಹೇಳಿ ವಿಚ್ಛೇದನ ಕೇಳಿದರು. ಡಿಸೆಂಬರ್ 3ರ ರಾತ್ರಿ ಅಗಾಥಾ ಮನೆ ಬಿಟ್ಟರು. ಮರುದಿನ ಅವರ ಮಾರಿಸ್ ಕೌಲಿ ಕಾರು ಸರ್ರೆಯ ನ್ಯೂಲ್ಯಾಂಡ್ಸ್ ಕಾರ್ನರ್ ಬಳಿ ಇಳಿಜಾರಿನಲ್ಲಿ ಸಿಕ್ಕಿತು. ಒಳಗೆ ತುಪ್ಪಳದ ಕೋಟು, ಡ್ರೈವಿಂಗ್ ಲೈಸೆನ್ಸ್ ಹಾಗೇ ಇದ್ದವು. 14ರಂದು ಅವರು ಪತ್ತೆಯಾಗಿದ್ದು ಯಾರ್ಕ್‌ಷೈರಿನ ಹ್ಯಾರೋಗೇಟ್‌ನ ಹೋಟೆಲೊಂದರಲ್ಲಿ. ಅಲ್ಲಿ ಕೊಟ್ಟಿದ್ದ ಹೆಸರು ಶ್ರೀಮತಿ ನೀಲ್, ಊರು ಕೇಪ್‌ಟೌನ್. ಗಂಡ ಮೆಚ್ಚಿದವಳದೇ ಅಡ್ಡಹೆಸರು! ಮನಸ್ಸು ಎಷ್ಟು ನೊಂದಿತ್ತೆಂಬುದಕ್ಕೆ ನಮಗೆ ಇದೊಂದೇ ಸಾಕು.

ವೈದ್ಯರು ನೆನಪು ಹೋಗಿದೆ ಎಂದರು. ಅದನ್ನು ಒಪ್ಪದವರೂ ಇದ್ದಾರೆ. ಇನ್ನು ಪುಸ್ತಕದ ಮಾತು: ಅವರ ‘ರೋಜರ್ ಆಕ್‌ರಾಯ್ಡ್’ ಕಾದಂಬರಿ ಅದೇ ವರ್ಷ ಮೊದಲೇ ಬಂದು ಹೆಸರು ಮಾಡಿಯಾಗಿತ್ತು. 1927ರ ಜನವರಿಯಲ್ಲಿ ಬಂದ ‘ದಿ ಬಿಗ್ ಫೋರ್’ ಹಳೆಯ ಪತ್ರಿಕಾ ಕಥೆಗಳನ್ನು ಹೊಲಿದು ಕೂಡಿಸಿದ್ದು. ಸುದ್ದಿಯಿಂದ ಅದಕ್ಕೆ ಲಾಭವಾಗಿರಬಹುದು, ಆದರೆ ಆಮೇಲೆ ಆದ ಲಾಭ ಮೊದಲಿನ ಉದ್ದೇಶವಾಗುವುದಿಲ್ಲ. 1928ರಲ್ಲಿ ವಿಚ್ಛೇದನವಾಯಿತು. ಆತ್ಮಕಥೆಯಲ್ಲಿ ಆ 11 ದಿನಗಳ ಬಗ್ಗೆ ಅವರು ಏನೂ ಬರೆಯಲಿಲ್ಲ.