ನೈರೋಬಿಯ ಹೆಣಿಗೆ, ಕೊಡಗಿನ ಮಳೆ

ತಲೆತುಂಬ ಸಣ್ಣ ಜಡೆ ಹೆಣೆಸಿಕೊಂಡವರು, ಡ್ರೆಡ್‌ಲಾಕ್ಸ್ ಅಂದರೆ ಜಟೆ ಬಿಟ್ಟವರು ಕೊಡಗಿನ ಪೇಟೆಗಳಲ್ಲಿ ಈಗ ಅಪರೂಪವಲ್ಲ. ಅದು ನನಗೆ ಸಂತೋಷದ ವಿಷಯವೇ. ಬೇಸರವಾಗುವುದು ಮಳೆಗಾಲ ಕಳೆದ ಮೇಲೆ. ಒಬ್ಬರಿಗೆ ಹಣೆಯಂಚಿನ ಕೂದಲು ಹಿಂದೆ ಸರಿದಿರುತ್ತದೆ, ಇನ್ನೊಬ್ಬರ ಜಟೆಯಿಂದ ಮುಗ್ಗಲು ವಾಸನೆ ಬರುತ್ತಿರುತ್ತದೆ. ನೈರೋಬಿಯಲ್ಲಿ ನೆಲೆಸಿರುವ ಕೊಡಗಿನವನಾಗಿ ನನಗೆ ಕಾಣುವ ಕಾರಣ ಇದು: ಆಫ್ರಿಕಾದ ಶೈಲಿಯನ್ನು ನಾವು ಫೋಟೋ ನೋಡಿ ತೆಗೆದುಕೊಂಡೆವು, ಅದರ ಹಿಂದಿರುವ ಅಳತೆ, ಗಡುವು, ಬಿಡುವುಗಳನ್ನು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡ ಕೆಲವರು ಅವನ್ನು ನಮ್ಮ ಕೂದಲಿಗೂ ನಮ್ಮ ಮಳೆಗೂ ತಕ್ಕಂತೆ ಬದಲಿಸಿಕೊಳ್ಳಲಿಲ್ಲ.

ಇಲ್ಲಿನ ಕೆನ್ಯಾಟಾ ಮಾರ್ಕೆಟ್ ಜಡೆ ಹೆಣೆಯುವ ಹೆಂಗಸರಿಗೆ ಹೆಸರಾದ ಜಾಗ. ಒಂದೇ ತಲೆಗೆ ಇಬ್ಬರು ಮೂವರು ಕೂತು ಹೆಣೆಯುತ್ತಾರೆ. ಕೈ ಓಡುವ ವೇಗ ನೋಡಿದರೆ ಬೆರಗಾಗುತ್ತದೆ. ಆದರೆ ಗಮನಿಸಬೇಕಾದದ್ದು ಹೆಣೆಯುವ ಮುಂಚಿನ ಕೆಲಸ. ಕೂದಲನ್ನು ತೊಳೆದು, ಸಿಕ್ಕು ಬಿಡಿಸಿ, ಬಿಸಿಗಾಳಿಯಲ್ಲಿ ಎಳೆದು ಉದ್ದ ಮಾಡಿ, ಬಾಲದ ಬಾಚಣಿಗೆಯಿಂದ ನೇರವಾಗಿ ಬೈತಲೆ ತೆಗೆದ ಮೇಲೆಯೇ ಮೊದಲ ಜಡೆ ಶುರುವಾಗುವುದು. ಬೈತಲೆಗಳ ನಡುವೆ ಒಂದೊಂದು ಜಡೆಗೆ ಸಿಗುವ ನೆತ್ತಿಯ ಜಾಗವೇ ಚೌಕ, ಪ್ರತಿ ಚೌಕ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಬೇಕು. ಚೌಕ ಚಿಕ್ಕದಾಗಿ ಜಡೆ ದಪ್ಪವಾದರೆ ಅಷ್ಟೂ ಭಾರವನ್ನು ನಾಲ್ಕು ಬುಡಗಳು ಹೊರಬೇಕಾಗುತ್ತದೆ. ಹಣೆಯಂಚು ಹಿಂದೆ ಸರಿಯುವುದು ಬಹುಪಾಲು ಇದರಿಂದ.

ಕೂದಲಿನ ಜಾತಿ ಯಾವುದು ಎಂಬುದೇ ಉಳಿದೆಲ್ಲವನ್ನೂ ತೀರ್ಮಾನಿಸುತ್ತದೆ. ನೇರ ಕೂದಲಿನ ಎಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಸುಮಾರು ದುಂಡಗಿರುತ್ತದೆ, ಬಿಗಿ ಗುಂಗುರಿನದು ಚಪ್ಪಟೆ. ಚಪ್ಪಟೆ ಎಳೆ ಸುರುಳಿ ಸುತ್ತಿಕೊಂಡು ಪಕ್ಕದ ಎಳೆಗೆ ತಾನೇ ಕೊಂಡಿ ಹಾಕಿಕೊಳ್ಳುತ್ತದೆ, ದುಂಡನೆಯ ಎಳೆ ಜಾರುತ್ತದೆ. ನೆತ್ತಿಯ ಜಿಡ್ಡು ನೇರ ಕೂದಲಲ್ಲಿ ತುದಿಯವರೆಗೂ ಇಳಿಯುತ್ತದೆ, ಬಿಗಿ ಗುಂಗುರಿನಲ್ಲಿ ಬುಡದಲ್ಲೇ ನಿಂತುಬಿಡುತ್ತದೆ. ಹಾಗಾಗಿ ಇಲ್ಲಿನ ಹೆಂಗಸು ಜಡೆಗೆ ದಿನವೂ ಎಣ್ಣೆ ಸವರುವುದು ಸರಿ, ಊರಿನ ನೇರ ಕೂದಲಿನ ಹುಡುಗಿ ಅದನ್ನೇ ಮಾಡಿದರೆ ವಾರದೊಳಗೆ ಜಡೆ ಸಡಿಲವಾಗಿ ಹೊಟ್ಟು ಕಾಣಿಸಿಕೊಳ್ಳುತ್ತದೆ.

ನೇರ ಕೂದಲಿಗೆ ನನ್ನ ಸಲಹೆ ಇಷ್ಟು. ಹೆಣೆಯುವ ಹಿಂದಿನ ದಿನ ಶಾಂಪೂ ಮಾತ್ರ ಹಾಕಿ ತೊಳೆಯಿರಿ, ಕಂಡೀಷನರ್ ಬೇಡ, ಎಣ್ಣೆಯಂತೂ ಬೇಡವೇ ಬೇಡ. ಚೌಕ 2.5 ಸೆಂಟಿಮೀಟರ್‌ಗಿಂತ ಸಣ್ಣದಾಗಬಾರದು. ನೆತ್ತಿಗೆ ಅಂಟಿಕೊಂಡು ಹೋಗುವ ಕಾರ್ನ್‌ರೋ ಒಂದು ವಾರ, ಹೆಚ್ಚೆಂದರೆ ಎರಡು ವಾರ ನಿಲ್ಲುತ್ತದೆ. ಬಿಡಿಬಿಡಿಯಾಗಿ ತೂಗುವ ಬಾಕ್ಸ್ ಬ್ರೇಡ್ ಮೂರು ವಾರ. ಜಾರುವ ಕೂದಲು ಎಂದು ಬ್ಯೂಟಿಪಾರ್ಲರ್‌ನವರು ಇನ್ನಷ್ಟು ಬಿಗಿಯಾಗಿ ಎಳೆದು ಹೆಣೆಯುತ್ತಾರೆ. ಇದೇ ತಪ್ಪು. ಜಡೆ ಬಾಳುವುದು ಮೂರೂ ಎಳೆಗಳ ಬಿಗಿ ಸಮನಾಗಿದ್ದರೆ, ಬುಡ ಎಳೆದುಕೊಂಡಿದ್ದರೆ ಅಲ್ಲ. ಬಿಗಿ ಗುಂಗುರು ಕೂದಲಾದರೆ 1.5ರಿಂದ 2 ಸೆಂಟಿಮೀಟರ್ ಚೌಕ ಸಾಕು, ಆರರಿಂದ ಎಂಟು ವಾರ ಇಟ್ಟುಕೊಳ್ಳಬಹುದು. ಅದಕ್ಕೂ ಮೀರಿದರೆ ಬುಡದಲ್ಲಿ ಹೊಸದಾಗಿ ಬೆಳೆದ ಎರಡು ಸೆಂಟಿಮೀಟರ್ ಕೂದಲು, ಉದುರಿ ಒಳಗೇ ಉಳಿದ ಕೂದಲಿನೊಡನೆ ಸೇರಿ ಗಂಟಾಗುತ್ತದೆ. ಬಿಚ್ಚುವಾಗ ಕತ್ತರಿ ಹಾಕದೆ ಗತಿಯಿರುವುದಿಲ್ಲ.

ಬಿಚ್ಚಿದಾಗ ಕೈತುಂಬ ಕೂದಲು ಬಂದರೆ ಗಾಬರಿಯಾಗಬೇಡಿ. ಯಾರ ತಲೆಯಿಂದಲೇ ಆಗಲಿ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. 40 ದಿನ ಜಡೆಯೊಳಗೆ ಸಿಕ್ಕಿಕೊಂಡದ್ದು 2,000ದಿಂದ 4,000 ಆಗುತ್ತದೆ. ಗಾಬರಿಯಾಗಬೇಕಾದ ಗುರುತುಗಳು ಬೇರೆ: ಹೆಣೆದು ಎರಡು ದಿನವಾದರೂ ನೋವು, ಬುಡದ ಸುತ್ತ ಸಣ್ಣ ಗುಳ್ಳೆ, ಹುಬ್ಬು ಎತ್ತಿದರೆ ಹಣೆ ಎಳೆದಂತಾಗುವುದು. ಇವು ಕಂಡರೆ ಕೊಟ್ಟ ದುಡ್ಡಿನ ಮುಖ ನೋಡದೆ ಬಿಚ್ಚಿಬಿಡಿ. ಎಳೆತದಿಂದ ಉದುರಿದ ಕೂದಲು ಮೊದಮೊದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಕಲೆಗಟ್ಟಿ ಮುಚ್ಚಿಹೋಗುತ್ತದೆ, ಆಮೇಲೆ ಯಾವ ಎಣ್ಣೆಯೂ ಅದನ್ನು ತೆರೆಯಲಾರದು. ಎರಡು ಹೆಣಿಗೆಗಳ ನಡುವೆ ಕನಿಷ್ಠ ಎರಡು ವಾರ ತಲೆಗೆ ಬಿಡುವು ಕೊಡಿ.

ಸೇರಿಸಿ ಹೆಣೆಯುವ ಸಿಂಥೆಟಿಕ್ ಕೂದಲನ್ನು ಪೊಟ್ಟಣದಿಂದ ತೆಗೆದು ನೇರ ತಲೆಗೆ ಹಾಕಬೇಡಿ. ಅದರ ಮೇಲಿನ ಲೇಪ ಹಲವರಿಗೆ ತುರಿಕೆ ತರುತ್ತದೆ. ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿದರೆ ಬಿಳಿ ಪೊರೆ ಮೇಲೆ ಬರುತ್ತದೆ. ಅದನ್ನು ತೊಳೆದು ಒಣಗಿಸಿ ಬಳಸಿ. ನೇರ ಕೂದಲಿನವರು ಇದನ್ನು ಆದಷ್ಟು ಕಡಿಮೆ ಸೇರಿಸಿಕೊಳ್ಳುವುದು ಒಳ್ಳೆಯದು. ಒದ್ದೆಯಾದರೆ ಜಡೆಯ ತೂಕ ಏರುತ್ತದೆ, ಕೊಡಗಿನಲ್ಲಿ ಒದ್ದೆಯಾಗದೆ ಇರುವುದುಂಟೇ?

ಇನ್ನು ಡ್ರೆಡ್‌ಲಾಕ್ಸ್. ಬಾಚದೆ ಬಿಟ್ಟರೆ ತಾನಾಗಿಯೇ ಆಗುತ್ತದೆ ಎಂಬ ಮಾತನ್ನು ಊರಿನಲ್ಲಿ ಬಹಳ ಜನ ನಂಬಿದ್ದಾರೆ. ನೇರ ಕೂದಲನ್ನು ಬಾಚದೆ ಬಿಟ್ಟರೆ ಆಗುವುದು ಹಿಂದಲೆಗೆ ಅಂಟಿದ ಒಂದು ಮುದ್ದೆ. ಅದು ಎಲ್ಲ ಕಡೆಯಿಂದ ಒಂದೇ ಜಾಗಕ್ಕೆ ಎಳೆಯುತ್ತದೆ, ಒಳಗೆ ನೀರೂ ಇಳಿಯುವುದಿಲ್ಲ, ಗಾಳಿಯೂ ಆಡುವುದಿಲ್ಲ. ಚೌಕ ತೆಗೆದು ಬಿಡಿಬಿಡಿಯಾಗಿ ಕಟ್ಟಿದ ಜಟೆಯ ನೆತ್ತಿ ಪ್ರತಿ ಬೈತಲೆಯಲ್ಲೂ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ.

ಬಿಗಿ ಗುಂಗುರಿನವರಿಗೆ ಕೆಲಸ ಸುಲಭ. ನಾಲ್ಕೈದು ಸೆಂಟಿಮೀಟರ್ ಉದ್ದವಿದ್ದರೆ ಬಾಚಣಿಗೆಯಿಂದಲೇ ಸುರುಳಿ ಸುತ್ತಿ ಶುರು ಮಾಡಬಹುದು, ಸ್ವಲ್ಪ ಹೆಚ್ಚಿದ್ದರೆ ಎರಡೆಳೆ ಹುರಿ. ಮೊದಲ ಎರಡು ಮೂರು ವಾರ ತೊಳೆಯಬಾರದು. ಆಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಬುಡ ತಿರುಚಬೇಕು. ಅದಕ್ಕಿಂತ ಬೇಗ ಬೇಗ ತಿರುಚಿದರೆ ಬುಡ ಸಣಕಲಾಗಿ ಜಟೆ ಕಳಚಿ ಬೀಳುತ್ತದೆ.

ನೇರ ಕೂದಲಿಗೆ ಕನಿಷ್ಠ 15 ಸೆಂಟಿಮೀಟರ್ ಬೇಕು, 20 ಇದ್ದರೆ ಚೆನ್ನ. 2ರಿಂದ 2.5 ಸೆಂಟಿಮೀಟರ್ ಚೌಕ ಮಾಡಿ, ಒಂದು ಎಳೆಗೊಂಚಲಿನ ತುದಿಯನ್ನು ಬಿಗಿಯಾಗಿ ಹಿಡಿದು, ಸಣ್ಣ ಹಲ್ಲಿನ ಉಕ್ಕಿನ ಬಾಚಣಿಗೆಯಿಂದ ಬುಡದ ಕಡೆಗೆ ಹಿಮ್ಮುಖವಾಗಿ ಬಾಚಬೇಕು. ಒಂದೊಂದು ಸೆಂಟಿಮೀಟರ್ ಗಟ್ಟಿಯಾದ ಮೇಲೆಯೇ ಮುಂದಕ್ಕೆ. ಆಮೇಲೆ 0.5ರಿಂದ 0.75 ಮಿಲಿಮೀಟರ್‌ನ ಕ್ರೋಷಾ ಕಡ್ಡಿಯಿಂದ ಹೊರಗೆ ಬಂದ ಎಳೆಗಳನ್ನು ಒಳಕ್ಕೆ ಎಳೆದುಕೊಳ್ಳುವುದು. ಲೇಸ್ ಹೆಣೆಯುವ ಸಣ್ಣ ಉಕ್ಕಿನ ಕಡ್ಡಿಯೇ ಇದು. ಉಣ್ಣೆಯ ಕಡ್ಡಿ ದಪ್ಪ, ಕೂದಲು ತುಂಡಾಗುತ್ತದೆ. ಒಂದು ತಲೆಗೆ 40ರಿಂದ 60 ಜಟೆ, ಒಬ್ಬರೇ ಮಾಡಿದರೆ ಇಡೀ ದಿನದ ಕೆಲಸ. ಉದ್ದದಲ್ಲಿ ಸುಮಾರು ಮೂರನೇ ಒಂದು ಪಾಲು ಕುಗ್ಗುತ್ತದೆ. ಪೂರ್ತಿ ಗಟ್ಟಿಯಾಗಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ. ಬುಡದಲ್ಲಿ ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಹೊಸ ಕೂದಲು ಬರುತ್ತಲೇ ಇರುತ್ತದೆ. ನೇರ ಕೂದಲಲ್ಲಿ ಅದು ತಾನಾಗಿ ಕೂಡಿಕೊಳ್ಳುವುದಿಲ್ಲವಾದ್ದರಿಂದ ಎರಡು ತಿಂಗಳಿಗೊಮ್ಮೆ ಕಡ್ಡಿ ಹಿಡಿಯಲೇಬೇಕು.

ಅಲೆಯಲೆ ಕೂದಲಿನವರು, ಸಡಿಲ ಗುಂಗುರಿನವರು ಜಟೆಯ ತುದಿಯನ್ನೇ ಬುಡದೊಳಗೆ ತೂರಿಸಿ ಎಳೆಯುವ ಇಂಟರ್‌ಲಾಕಿಂಗ್ ಮಾಡಿಸಿಕೊಳ್ಳುವುದು ವಾಸಿ. ತೊಳೆದರೂ ಬಿಚ್ಚುವುದಿಲ್ಲ. ಆದರೆ ತೂರಿಸುವ ದಿಕ್ಕು ಪ್ರತಿ ಸಲ ಬದಲಾಗಬೇಕು: ಬಲದಿಂದ, ಕೆಳಗಿನಿಂದ, ಎಡದಿಂದ, ಮೇಲಿನಿಂದ. ಒಂದೇ ದಿಕ್ಕಿನಲ್ಲಿ ತೂರಿಸುತ್ತಾ ಹೋದರೆ ಬುಡದಲ್ಲಿ ತೂತು ಬಿದ್ದು ಜಟೆ ಎರಡಾಗಿ ಸೀಳುತ್ತದೆ.

ಮೇಣದ ಬಗ್ಗೆ ಒಂದು ಮಾತು. ಡ್ರೆಡ್ ವ್ಯಾಕ್ಸ್ ಎಂದು ಮಾರುವುದರಲ್ಲಿ ಜೇನುಮೇಣ ಇದ್ದರೆ ಅದು ಕರಗಲು 62 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವು ಬೇಕು. ಅಷ್ಟು ಬಿಸಿ ನೀರನ್ನು ತಲೆಗೆ ಹಾಕಿಕೊಳ್ಳಲಾಗುವುದಿಲ್ಲ, ಹಾಗಾಗಿ ಹಚ್ಚಿದ್ದು ಹೋಗುವುದೂ ಇಲ್ಲ. ಒಳಗೆ ಕೂತು ಧೂಳನ್ನೂ ನೀರನ್ನೂ ಹಿಡಿದುಕೊಳ್ಳುತ್ತದೆ. ದಯವಿಟ್ಟು ಬೇಡ.

ನೈರೋಬಿ ಮಡಿಕೇರಿಗಿಂತ ಎತ್ತರದಲ್ಲಿದೆ, ಚಳಿಯೂ ಇದೆ, ಆದರೂ ಕೂದಲ ವಿಷಯದಲ್ಲಿ ಎರಡನ್ನೂ ಹೋಲಿಸುವಂತಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಇಲ್ಲಿ ಬೆಳಿಗ್ಗೆ ತೊಳೆದ ಜಟೆ ಮಧ್ಯಾಹ್ನದ ಬಿಸಿಲಿಗೆ ಆರುತ್ತದೆ. ಊರಿನಲ್ಲಿ ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ಜಟೆಯೂ ಕಣದಲ್ಲಿ ಹರವಿದ ಚೆರಿ ಕಾಫಿಯ ಹಾಗೆ, ಮೇಲೆ ಗರಿಗರಿಯಾದಂತೆ ಕಂಡರೂ ಒಳಗೆ ಹಸಿ ಉಳಿದಿದ್ದರೆ ಬೂಷ್ಟು ಹಿಡಿಯುತ್ತದೆ.

ಆದ್ದರಿಂದ ಕೊಡಗಿನಲ್ಲಿ ಜಟೆಯ ದಪ್ಪ 8 ಮಿಲಿಮೀಟರ್ ದಾಟಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಹೆಬ್ಬೆರಳು ಗಾತ್ರದ್ದು ಫೋಟೋದಲ್ಲಿ ಚೆಂದ, ಸೋಮವಾರಪೇಟೆಯ ಜುಲೈಯಲ್ಲಿ ಅದು ಒಣಗಲು ಒಂದು ದಿನ ಸಾಲದು. ಶುರು ಮಾಡುವುದಾದರೆ ನವೆಂಬರ್-ಡಿಸೆಂಬರ್‌ನಲ್ಲಿ ಬರುವ ಸುಗ್ಗಿ ಹಬ್ಬ ಪುತ್ತರಿಯ ಆಸುಪಾಸಿನಲ್ಲಿ ಮಾಡಿ. ಮುಂಗಾರು ಬರುವಷ್ಟರಲ್ಲಿ ಆರು ತಿಂಗಳು ಸಿಗುತ್ತದೆ, ಹೊಸ ಜಟೆ ಬಿಚ್ಚಿಹೋಗುವ ಭಯ ಅರ್ಧ ಕಳೆದಿರುತ್ತದೆ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ತೊಳೆದರೆ ಸಾಕು, ಬೆಳಿಗ್ಗೆಯೇ ತೊಳೆಯಬೇಕು, ಕರೆಂಟ್ ಇರುವ ದಿನ ನೋಡಿ ತೊಳೆಯಬೇಕು. ಒಂದು ಪಾಲು ತಿಳಿ ಶಾಂಪೂಗೆ ಐದು ಪಾಲು ನೀರು ಬೆರೆಸಿ ನೆತ್ತಿಗಷ್ಟೇ ಹಚ್ಚಿ, ಇಳಿದು ಬರುವ ನೊರೆಯಲ್ಲೇ ಜಟೆ ಹಿಂಡಿ. ಶಾಂಪೂ ಹಚ್ಚಿದ ಎರಡರಷ್ಟು ಹೊತ್ತು ನೀರು ಹಾಯಿಸಿ. ಮೊದಲು ಒಂದು ಒಣ ಹತ್ತಿ ಟವೆಲ್‌ನಲ್ಲಿ, ಆಮೇಲೆ ಇನ್ನೊಂದರಲ್ಲಿ ಒಂದೊಂದೇ ಜಟೆಯನ್ನು ಬುಡದಿಂದ ತುದಿಗೆ ಒತ್ತಿ ಹಿಂಡಿ. ನಂತರ ಡ್ರೈಯರ್ ಕಡಿಮೆ ಕಾವಿನಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ. 1,000 ವಾಟ್‌ನ ಡ್ರೈಯರನ್ನು ಮನೆಯ ಸಣ್ಣ ಇನ್ವರ್ಟರ್ ಎಳೆಯುವುದಿಲ್ಲ, ಕರೆಂಟ್ ಹೋದರೆ ಫ್ಯಾನ್ ಮುಂದೆ ಕೂರುವುದೇ ದಾರಿ. ಒಲೆಯ ಮುಂದೆ ಕೂರುವ ಅಭ್ಯಾಸವಿದ್ದರೆ ಸಿಂಥೆಟಿಕ್ ಸೇರಿಸಿದವರು ದೂರವಿರಿ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಒಣಗಿತೋ ಎಂದು ನೋಡಲು ಹಿಂದಲೆಯ ಅತಿ ದಪ್ಪನೆಯ ಜಟೆಯನ್ನು ಬೆರಳ ನಡುವೆ ಒತ್ತಿ, ತಣ್ಣಗಿದ್ದರೆ ಒಳಗೆ ನೀರಿದೆ ಎಂದೇ ಅರ್ಥ. ಹಾಗಿದ್ದಾಗ ಮಲಗಬೇಡಿ, ಕಟ್ಟಬೇಡಿ.

ನಮ್ಮ ಮನೆಮದ್ದುಗಳಲ್ಲಿ ಕೆಲವನ್ನು ಜಟೆಯಿಂದ ದೂರವಿಡಬೇಕು. ಸೀಗೆಪುಡಿ ಒಳಗೆ ಸಿಕ್ಕಿಕೊಂಡರೆ ಹೊರಬರುವುದಿಲ್ಲ. ಬೇಕೇ ಬೇಕೆಂದರೆ ಕುದಿಸಿ ಬಟ್ಟೆಯಲ್ಲಿ ಎರಡು ಸಲ ಸೋಸಿದ ನೀರು. ದಾಸವಾಳದ ಎಲೆಯ ಲೋಳೆ ಒಳಗೇ ಒಣಗಿ ಹೊಪ್ಪಳೆಯಾಗುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಮಡಿಕೇರಿಯ ಮಳೆಗಾಲದಲ್ಲಿ ಜಟೆಯೊಳಗೂ ಅದೇ ಆಗುತ್ತದೆ. ನೆತ್ತಿ ಒಣಗಿದ್ದರೆ ಬೆರಳ ತುದಿಯಲ್ಲಿ ಎರಡು ಮೂರು ಹನಿ, ಬೈತಲೆಗಳಿಗೆ ಮಾತ್ರ. ಅಡುಗೆ ಸೋಡಾ ಹಾಕಿ ನೆನೆಸುವುದು ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಅದರ ಕ್ಷಾರದಲ್ಲಿ ಎಳೆ ಉಬ್ಬಿ ಒರಟಾಗುತ್ತದೆ, ಮುಗಿದ ಮೇಲೆ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಿನೆಗರ್ ಹಾಕಿ ಸುರಿದುಕೊಳ್ಳಿ.

ತಲೆಗೆ ಕಟ್ಟುವ ವಿಷಯದಲ್ಲಿ ಕೊಡಗಿನವರಿಗೆ ಒಂದು ಅನುಕೂಲವಿದೆ. ತೋಟದ ಕೆಲಸಕ್ಕೆ ಹೋಗುವವರು ತಲೆಗೆ ಬಟ್ಟೆ ಕಟ್ಟುವುದು ರೂಢಿ, ಕೊಡವ ಹೆಂಗಸರು ತಲೆಗೆ ಕಟ್ಟುವ ವಸ್ತ್ರವೂ ಇದೆ. ಕಾಫಿ ಕುಯ್ಲಿನ ಕಸಕಡ್ಡಿ ಜಟೆಗೆ ಸೇರದಂತೆ ಇದು ತಡೆಯುತ್ತದೆ. ಬಟ್ಟೆ ನುಣುಪಾಗಿದ್ದು, ಒಳಗಿನ ಕೂದಲು ಪೂರ್ತಿ ಒಣಗಿದ್ದರೆ ಸರಿ. ಹೆಲ್ಮೆಟ್ ಹಾಕುವವರು ನೆತ್ತಿಯ ಮೇಲೆ ಗಂಟು ಹಾಕಲೇಬಾರದು, ಹೆಲ್ಮೆಟ್ ಮೇಲೆದ್ದು ಕೂತು ಬಿದ್ದಾಗ ಕಳಚಿಹೋಗುತ್ತದೆ. ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿಕೊಳ್ಳಿ.

ಕೂದಲಿನ ಹೆಣಿಗೆಯನ್ನು ಇಲ್ಲಿ ಬರೀ ಫ್ಯಾಷನ್ ಎಂದು ಯಾರೂ ನೋಡುವುದಿಲ್ಲ. 1950ರ ದಶಕದಲ್ಲಿ ಬ್ರಿಟಿಷರ ವಿರುದ್ಧ ಕಾಡು ಸೇರಿದ ಕೆನ್ಯಾದ ಮೌ ಮೌ ಹೋರಾಟಗಾರರು ಜಟೆ ಬಿಟ್ಟಿದ್ದರು. ಅವರಲ್ಲಿ ಒಬ್ಬರಾದ ಮುತೋನಿ ವಾ ಕಿರಿಮಾ ತಮ್ಮ ಜಟೆಯನ್ನು ಕತ್ತರಿಸಲು ಒಪ್ಪಿದ್ದು 2022ರಲ್ಲಿ. ಜಟೆ ಇದೆಯೆಂದು ಶಾಲೆ ಹೊರಗಿಟ್ಟ, ಜಟೆಯನ್ನು ಧರ್ಮದ ಭಾಗವೆಂದು ನಂಬುವ ರಸ್ತಫಾರಿ ಪಂಥದ ಹುಡುಗಿಯನ್ನು ಒಳಗೆ ಬಿಟ್ಟುಕೊಳ್ಳಬೇಕೆಂದು ಕೆನ್ಯಾದ ಹೈಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು. ನಮ್ಮ ರಾಜ್ಯದಲ್ಲೂ ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿ ಜನರಿಗೆ ಬಿಗಿ ಗುಂಗುರು ಕೂದಲಿದೆ. ಕೊಡಗಿನಲ್ಲೂ ಗುಂಗುರು ಕೂದಲಿನವರು ಕಡಿಮೆಯೇನಿಲ್ಲ. ನಮ್ಮ ಬ್ಯೂಟಿಪಾರ್ಲರ್‌ಗಳು ಅವರಿಗೆ ಕೊಡುವ ಒಂದೇ ಉತ್ತರ ಸ್ಟ್ರೈಟ್ನಿಂಗ್. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಆ ಕೂದಲಿಗೆ ಹೇಳಿಮಾಡಿಸಿದ ಕಲೆ ಇಲ್ಲಿ ಬೀದಿಬೀದಿಯಲ್ಲಿದೆ, ಊರಿನವರು ಅದನ್ನು ಮೊದಲು ಕಲಿಯಬೇಕಾದದ್ದು ಆ ತಲೆಗಳಿಗಾಗಿ.

ಸೇನೆಗೆ ಸೇರುವ ಆಸೆಯಿರುವ ಹುಡುಗರು ಕೊಡಗಿನಲ್ಲಿ ಬಹಳ. ಅವರಿಗೆ ಜಟೆ ತೆಗೆಯುವ ದಿನ ಬಂದೇ ಬರುತ್ತದೆ. ಪೂರ್ತಿ ಬೋಳಿಸಬೇಕಾಗಿಲ್ಲ. ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಉಳಿದದ್ದನ್ನು ಬಿಸಿ ನೀರು ಮತ್ತು ಧಾರಾಳ ಕಂಡೀಷನರ್‌ನಲ್ಲಿ ನೆನೆಸಿ, ಉಕ್ಕಿನ ಬಾಚಣಿಗೆಯ ಬಾಲದಿಂದ ತುದಿಯ ಕಡೆಯಿಂದ ಬಿಡಿಸುತ್ತಾ ಬುಡಕ್ಕೆ ಬನ್ನಿ. ಇಬ್ಬರು ಕೂತರೂ ಒಂದೆರಡು ದಿನ ಹಿಡಿಯುತ್ತದೆ. ಮೇಣ ಹಚ್ಚಿದವರಿಗೆ ಈ ದಾರಿ ಇಲ್ಲ.