ಟಿವಿ ಎಲ್ಲಿ ಬರುತ್ತೆ ಸಾರ್?

ಮನೆ ಕಟ್ಟಿಸ್ತಾ ಇದ್ದೀವಿ ಅಂದರೆ ಸಾಕು, ಬುದ್ಧಿ ಹೇಳೋಕೆ ಊರೆಲ್ಲ ತಯಾರು. ಸಿಮೆಂಟ್ ಯಾವುದು, ಕಬ್ಬಿಣ ಎಷ್ಟು ಎಂಎಂ, ಬೋರ್‌ವೆಲ್ ಯಾವ ಮೂಲೆಗೆ, ಎಲ್ಲಕ್ಕೂ ಒಬ್ಬೊಬ್ಬ ಪಂಡಿತರು ಸಿಗುತ್ತಾರೆ. ಪಾಯ, ಗೋಡೆ, ಮೋಲ್ಡ್ ಎಲ್ಲ ಮುಗಿದು ಮನೆಗೊಂದು ಮುಖ ಬರುವ ಹೊತ್ತಿಗೆ ನೋಡಿ, ಅವರೆಲ್ಲ ಮಾಯ. ಅಲ್ಲಿಂದ ಮುಂದಿನದನ್ನು ತೀರ್ಮಾನ ಮಾಡುವವರು ಆರ್ಕಿಟೆಕ್ಟೂ ಅಲ್ಲ, ಓನರ್ರೂ ಅಲ್ಲ. ಕೈಯಲ್ಲಿ ಸೀಮೆಸುಣ್ಣ ಹಿಡಿದು ಗೋಡೆ ಮುಂದೆ ನಿಂತಿರುವ ಎಲೆಕ್ಟ್ರಿಷಿಯನ್. ಅವರು ಗೋಡೆ ಮೇಲೆ ಒಂದು ಚೌಕ ಗೀಚಿದರೆ ಮುಗೀತು. ಮುಂದೆ ಜೀವಮಾನವೆಲ್ಲ ನಿಮ್ಮ ಕುತ್ತಿಗೆ ಯಾವ ಕಡೆ ತಿರುಗಬೇಕು ಅಂತ ಬರೆದಾಯಿತು.

ಗೀಚುವ ಮೊದಲು ಅವರು ಕೇಳುವುದಿಲ್ಲ ಅಂತಲ್ಲ. ಕೇಳುತ್ತಾರೆ. ನೀವು ಆಫೀಸಿನಲ್ಲಿ ಮೀಟಿಂಗಿಗೆ ಕೂತಾಗಲೇ ಸರಿಯಾಗಿ ಫೋನ್ ಬರುತ್ತದೆ. “ಸಾರ್, ಹಾಲಲ್ಲಿ ಟಿವಿ ಎಲ್ಲಿ ಬರುತ್ತೆ? ಎಷ್ಟೆತ್ತರಕ್ಕೆ ಪಾಯಿಂಟ್ ಕೊಡ್ಲಿ? ಬೇಗ ಹೇಳಿ, ಹುಡುಗ್ರು ಮಷೀನ್ ಹಿಡ್ಕೊಂಡು ನಿಂತವ್ರೆ.” ಹಿಂದೆ ಕಟಿಂಗ್ ಮಷೀನ್ ಆಗಲೇ ಗುಂಯ್ ಅನ್ನುತ್ತಿರುತ್ತದೆ. “ಸಂಜೆ ಬಂದು ನೋಡಿ ಹೇಳ್ತೀನಿ” ಅಂದರೆ, “ಸಂಜೆಗೆ ಬೇರೆ ಸೈಟ್ ಇದೆ ಸಾರ್, ಇನ್ನು ಹಬ್ಬ ಕಳೆದ ಮೇಲೇನೇ” ಅನ್ನುತ್ತಾರೆ. ಯಾವ ಹಬ್ಬ ಅಂತ ಮಾತ್ರ ಹೇಳುವುದಿಲ್ಲ.

ನಮ್ಮದು ಮೈಸೂರಿನಲ್ಲಿ ಬೋಗಾದಿ ಆಚೆ ಒಂದು ತರ್ಟಿ ಫಾರ್ಟಿ ಸೈಟು. ಪಶ್ಚಿಮಕ್ಕೆ ರಸ್ತೆ, ಎದುರುಗಡೆ ಸೈಟು ಖಾಲಿ. ವಾಸ್ತು ಹೇಳುವವರು ಬಂದು ಈಶಾನ್ಯಕ್ಕೆ ದೇವರಮನೆ, ಆಗ್ನೇಯಕ್ಕೆ ಅಡುಗೆಮನೆ ಅಂದರು. ಟಿವಿಗೆ ಕೂಡ ಆಗ್ನೇಯವೇ ಒಳ್ಳೆಯದಂತೆ, ಕರೆಂಟು ಅಂದರೆ ಅಗ್ನಿ ಅಲ್ವಾ. ಹಾಗಂತ ಒಲೆ ಪಕ್ಕ ಟಿವಿ ಇಡೋಕಾಗುತ್ತಾ? ಕೊನೆಗೆ ದೇವರಮನೆ ಬಾಗಿಲಿಗೂ ಅಡುಗೆಮನೆ ಬಾಗಿಲಿಗೂ ನಡುವಿನ ಪೂರ್ವದ ಗೋಡೆ ಅಂತ ರಾಜಿಯಾಯಿತು. ನೋಡುವವರ ಮುಖ ಪೂರ್ವಕ್ಕೆ ಬರುತ್ತೆ, ಬಹಳ ಶ್ರೇಷ್ಠ ಅಂದರು. ಶ್ರೇಷ್ಠವೇ ಸರಿ. ಆದರೆ ಸೋಫಾ ಹಿಂದೆ ಪಶ್ಚಿಮಕ್ಕೆ ಆರಡಿ ಕಿಟಕಿ. ಸಂಜೆ ಅಮ್ಮನ ಧಾರಾವಾಹಿ ಶುರುವಾಗುವ ಹೊತ್ತಿಗೆ ಸೂರ್ಯದೇವರು ನೇರ ಟಿವಿ ಮೇಲೆ ಬಂದು ಕೂರುತ್ತಾರೆ. ಸೊಸೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದು. ಪರದೆಯಲ್ಲಿ ಕಾಣುವುದು ನಮ್ಮದೇ ಸೋಫಾ, ಅದರ ಮೇಲೆ ಕಣ್ಣು ಕಿರಿದು ಮಾಡಿಕೊಂಡು ಕೂತಿರುವ ನಾವು.

ಎತ್ತರದ ವಿಷಯಕ್ಕೆ ಬರೋಣ. ಸೋಫಾದಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಮಧ್ಯ ಬರಬೇಕು, ಅಂದರೆ ನೆಲದಿಂದ ಸುಮಾರು ಮೂರೂವರೆ ಅಡಿ. ಇದನ್ನು ನಾನು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದೆ. ಎಲೆಕ್ಟ್ರಿಷಿಯನ್ “ಆಯ್ತು ಸಾರ್” ಅಂದು ಐದೂವರೆ ಅಡಿಗೆ ಬಾಕ್ಸ್ ಕೂರಿಸಿದರು. ಕೇಳಿದರೆ, “ಎಲ್ಲಾ ಮನೇಲೂ ಅಷ್ಟೇ ಕೊಡೋದು ಸಾರ್. ಕೆಳಗೆ ಕೊಟ್ರೆ ಮಕ್ಳು ಕೈ ಹಾಕ್ತವೆ” ಅಂದರು. ನಮ್ಮ ಮಗಳು ಪಿಯುಸಿ.

ಇನ್ನು ಗೂಡು. ಟಿವಿ ಗೋಡೆಯಿಂದ ಉಬ್ಬಿ ಕಾಣಬಾರದು, ಗೋಡೆಯೊಳಗೆ ಹುದುಗಿ ಕೂರಬೇಕು ಅನ್ನುವುದು ನನ್ನ ಹೆಂಡತಿಯ ಆಸೆ. “55 ಇಂಚಿನ ಟಿವಿ ಬರುತ್ತೆ, ಅದಕ್ಕೆ ತಕ್ಕ ಹಾಗೆ ಗೂಡು ಬಿಡಿ” ಅಂತ ಗಾರೆ ಮೇಸ್ತ್ರಿಗೆ ಹೇಳಿದ್ದಳು. ಮೇಸ್ತ್ರಿ ಟೇಪ್ ಹಿಡಿದು, ಎರಡು ಸಲ ಅಳೆದು, ಸರಿಯಾಗಿ 55 ಇಂಚು ಅಗಲಕ್ಕೆ ಗೂಡು ಕಟ್ಟಿದರು. ಆದರೆ ಟಿವಿ ಕಂಪನಿಯವರು ಅಳೆಯುವುದು ಮೂಲೆಯಿಂದ ಮೂಲೆಗೆ. 55 ಇಂಚಿನ ಟಿವಿಯ ಅಗಲ 48 ಇಂಚು, ಎತ್ತರ 27. ಈಗ ಟಿವಿಯ ಆ ಕಡೆ ಮೂರೂವರೆ ಇಂಚು, ಈ ಕಡೆ ಮೂರೂವರೆ ಇಂಚು ಸಂದು. ಸುಮ್ನೆ ಬಿಟ್ಟರೆ ಜೇಡ ಬಲೆ ಕಟ್ಟುತ್ತದೆ ಅಂತ ಅಮ್ಮ ಅಲ್ಲಿ ಎರಡು ಚನ್ನಪಟ್ಟಣದ ಬೊಂಬೆ ನಿಲ್ಲಿಸಿದ್ದಾರೆ. ಬಂದವರು “ಎಷ್ಟು ಚೆನ್ನಾಗಿದೆ ಐಡಿಯಾ, ಯಾರು ಡಿಸೈನ್ ಮಾಡಿದ್ದು?” ಅಂತ ಕೇಳುತ್ತಾರೆ. ಹೆಂಡತಿ ನಕ್ಕು ಸುಮ್ಮನಾಗುತ್ತಾಳೆ.

ಅಪ್ಪನಿಗೆ ಈ ತಲೆನೋವೆಲ್ಲ ಅರ್ಥವೇ ಆಗುವುದಿಲ್ಲ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ನಮ್ಮ ದೇಶದಲ್ಲಿ ಟಿವಿಗೆ ಬಣ್ಣ ಬಂತು. ನಮ್ಮ ಮನೆಗೆ ಅದಾದ ಮೇಲೂ ಬಹಳ ಕಾಲ ಕಪ್ಪು ಬಿಳುಪೇ, ಮುಂದೆ ಶಟರ್ ಇದ್ದ ಮರದ ಪೆಟ್ಟಿಗೆಯದ್ದು. ಅದಕ್ಕೆ ಬೇಕಾಗಿದ್ದು ಒಂದು ಪ್ಲಗ್, ತಾರಸಿ ಮೇಲೊಂದು ಆಂಟೆನಾ, ಅದನ್ನು ತಿರುಗಿಸೋಕೆ ನಾನು. “ಒಂದು ಟಿವಿಗೆ ಅಷ್ಟೊಂದು ವೈರ್ ಯಾಕೋ?” ಅನ್ನುವ ಅವರ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇರಲಿಲ್ಲ. ನನ್ನ ಭಾವಮೈದನ ಹತ್ತಿರ ಇತ್ತು.

ಭಾವಮೈದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಬಿಡುವಿನಲ್ಲಿ ಸೌಂಡ್ ಹುಚ್ಚು. ಗೋಡೆಗೆ ಪುಟ್ಟಿ ಆಗಿ, ಪ್ರೈಮರ್ ಆಗಿ, ಪೇಂಟಿನ ಮೊದಲ ಕೋಟ್ ಮುಗಿದ ದಿನವೇ ಬಂದ. ಹಾಲಿನ ನಡುವೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿ, ಪ್ರತಿಧ್ವನಿ ಕೇಳಿ, ಮುಖ ಗಂಭೀರ ಮಾಡಿಕೊಂಡ. “ಭಾವ, ಆಂಪ್ಲಿಫೈಯರ್, ಸೆಟ್‌ಟಾಪ್ ಬಾಕ್ಸ್ ಎಲ್ಲ ಟಿವಿ ಕೆಳಗೆ ಇಟ್ರೆ ಗಲೀಜು. ಹಿಂದಿನ ಗೋಡೆ ಪಕ್ಕದ ಕಪಾಟಲ್ಲಿ ಇಡೋಣ. ಅಲ್ಲಿಂದ ಟಿವಿಗೆ ಗೋಡೆಯೊಳಗೆ ಒಂದು ಎಚ್‌ಡಿಎಂಐ ಕೇಬಲ್, ಚಿತ್ರ ಸೌಂಡ್ ಎರಡೂ ಅದರಲ್ಲೇ ಹೋಗುತ್ತೆ, ಎಳೆದ್ರೆ ಆಯ್ತು.” ಈ “ಎಳೆದ್ರೆ ಆಯ್ತು” ಅನ್ನುವ ಮಾತು ಇದೆಯಲ್ಲ, ಹೊಸ ಮನೆಯಲ್ಲಿ ಅದಕ್ಕಿಂತ ದುಬಾರಿ ಮಾತಿಲ್ಲ.

ಗೋಡೆಯೊಳಗೆ ಪೈಪ್ ಇತ್ತು. ಮುಕ್ಕಾಲು ಇಂಚಿನದು. ಹೊರಗಿನ ಅಳತೆಯೇ 20 ಮಿಲಿಮೀಟರ್, ಒಳಗೆ ಇನ್ನೂ ಕಡಿಮೆ. ಎಚ್‌ಡಿಎಂಐ ಕೇಬಲ್ಲಿನ ಮೈ ಸಣ್ಣದೇ, ತಲೆ ಮಾತ್ರ ದಪ್ಪ. ಪ್ಲಾಸ್ಟಿಕ್ ಹಿಡಿಯೂ ಸೇರಿ ಸುಮಾರು 20 ಮಿಲಿಮೀಟರ್ ಅಗಲ. ಎಲೆಕ್ಟ್ರಿಷಿಯನ್ ಮೊದಲು ಸ್ಪ್ರಿಂಗ್ ಬಿಟ್ಟರು. ಸ್ಪ್ರಿಂಗ್ ಸರಾಗವಾಗಿ ಹೋಗಿ ಆ ಕಡೆ ಇಣುಕಿತು. ಅದಕ್ಕೆ ಕೇಬಲ್ ಕಟ್ಟಿ ಎಳೆದರು. ತಲೆ ಪೈಪಿನ ಬಾಯಿಯಲ್ಲೇ ನಿಂತಿತು. “ಪೌಡರ್ ಇದ್ರೆ ಕೊಡಿ ಮೇಡಂ” ಅಂದರು. ಹಾಕಿದರು. ಹಾಲೆಲ್ಲ ಮಲ್ಲಿಗೆ ವಾಸನೆ, ಕೇಬಲ್ ನಿಂತಲ್ಲೇ. ಸೋಪಿನ ನೀರು ಹಚ್ಚೋಣ ಅಂದರು. ಭಾವಮೈದ ಹೌಹಾರಿ ಕೇಬಲ್ಲನ್ನು ಎದೆಗೆ ಅವಚಿಕೊಂಡ. ಆಗ ಆಚಾರ್ರು ಟಿವಿ ಯೂನಿಟ್ಟಿಗೆ ಮೈಕಾ ಅಂಟಿಸುವುದನ್ನು ನಿಲ್ಲಿಸಿ ಬಂದು, ಕೇಬಲ್ ತಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಎರಡು ಕಡೆ ಒಂಚೂರು ಉಜ್ಜಿಬಿಟ್ರೆ ಹೋಗ್ತದೆ” ಅಂತ ಅರ ತೆಗೆದರು. ಅವರನ್ನು ಸಮಾಧಾನ ಮಾಡಿ ಕಳಿಸಬೇಕಾಯಿತು.

ಕೊನೆಗೆ ಬಂದ ದಾರಿ ಒಂದೇ. ಪೇಂಟ್ ಆದ ಗೋಡೆಯನ್ನು ಮತ್ತೆ ಕೊಯ್ದು, ಪ್ಲಂಬರ್ ಬಿಟ್ಟುಹೋಗಿದ್ದ ಒಂದೂವರೆ ಇಂಚಿನ ಪೈಪನ್ನು ಹುಗಿಯುವುದು. ನೀರಿನ ಪೈಪಿನಲ್ಲಿ ಸಿನಿಮಾ ಬರುತ್ತಾ ಅಂತ ಅಪ್ಪ ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಕೆಂಪು ದೂಳು ಎದ್ದು, ಹೊಸ ಬಿಳಿ ಫಾಲ್ಸ್ ಸೀಲಿಂಗಿಗೆ ತೆಳ್ಳಗೆ ಬಣ್ಣ ಬಂತು. ಪೇಂಟರ್ ಬಂದು ನೋಡಿ ಏನೂ ಮಾತಾಡದೆ ಸಂಚಿಯಿಂದ ಎಲೆ ಅಡಿಕೆ ತೆಗೆದರು.

ಕೇಬಲ್ ಈಗ ಒಳಗೆ ಇಳಿಯಿತು. ಗಾರೆ ಮುಚ್ಚಿದರು, ಒಣಗಿತು, ಪುಟ್ಟಿ ಎಳೆದರು, ಮತ್ತೆ ಪೇಂಟ್ ಆಯಿತು. ಟಿವಿ ಹಚ್ಚಿದರೆ ಚಿತ್ರವೇ ಇಲ್ಲ! “ನೋ ಸಿಗ್ನಲ್” ಅನ್ನುವ ಪೆಟ್ಟಿಗೆಯೊಂದು ಪರದೆ ಮೇಲೆ ಆ ಮೂಲೆಯಿಂದ ಈ ಮೂಲೆಗೆ ಆರಾಮವಾಗಿ ಓಡಾಡುತ್ತಿತ್ತು. ಭಾವಮೈದ ತಂದಿದ್ದು ಮಾಮೂಲಿ ತಾಮ್ರದ ಕೇಬಲ್ ಅಲ್ಲ. ದೂರ ಜಾಸ್ತಿಯಾದರೆ 4ಕೆ ಅನ್ನುವ ಅತಿ ಸ್ಪಷ್ಟ ಚಿತ್ರವನ್ನು ತಾಮ್ರ ಸರಿಯಾಗಿ ಸಾಗಿಸುವುದಿಲ್ಲ, ಅದಕ್ಕೆ ಆಪ್ಟಿಕಲ್ ಕೇಬಲ್. ಒಳಗೆ ಬೆಳಕಿನಲ್ಲಿ ಚಿತ್ರ ಓಡುತ್ತದೆ. ಆದರೆ ಒಂದೇ ದಿಕ್ಕಿನಲ್ಲಿ! ಒಂದು ತಲೆಯ ಮೇಲೆ “ಸೋರ್ಸ್”, ಇನ್ನೊಂದರ ಮೇಲೆ “ಡಿಸ್ಪ್ಲೇ” ಅಂತ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಆಂಪ್ಲಿಫೈಯರ್ ಕಡೆ ಬರಬೇಕಾದ ತಲೆ ಟಿವಿ ಕಡೆ ಬಂದಿತ್ತು. ಎಲೆಕ್ಟ್ರಿಷಿಯನ್ ಹೇಳಿದ ಮಾತು ಇಷ್ಟೇ: “ವೈರ್‌ಗೂ ಹಿಂದೆ ಮುಂದೆ ಇರುತ್ತಾ ಸಾರ್? ನಂ ಸರ್ವೀಸ್‌ನಲ್ಲೇ ಕೇಳಿಲ್ಲ.” ದೊಡ್ಡ ಪೈಪ್ ಇದ್ದ ಪುಣ್ಯಕ್ಕೆ ಗೋಡೆ ಉಳಿಯಿತು. ಎಳೆದು, ತಿರುಗಿಸಿ, ಮತ್ತೆ ತೂರಿಸಿದರು.

ಸ್ಪೀಕರ್‌ಗಳ ಕಥೆ ಇನ್ನೊಂದು. ಟಿವಿಯ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು, ಸೋಫಾದ ಹಿಂದೆ ಎರಡು, ಮೂಲೆಯಲ್ಲಿ ಧಂ ಧಂ ಅನ್ನುವ ದಪ್ಪ ಸದ್ದಿಗೆಂದೇ ಇರುವ ಡಬ್ಬ, ಸಬ್‌ವೂಫರ್. ಐದು ಸ್ಪೀಕರ್, ಒಂದು ಸಬ್‌ವೂಫರ್, ಅದಕ್ಕೇ ಇದು 5.1. ಎಡಗಡೆಯದು ಎಲ್ಲಿ ನಿಲ್ಲಬೇಕು ಅಂತ ಅಳೆದು ನೋಡಿದರೆ ಸರಿಯಾಗಿ ದೇವರಮನೆ ಬಾಗಿಲಿಗೆ ಅಡ್ಡ. “ದೇವರ ಎದುರು ಡಬ್ಬ ಇಡಬೇಡ್ರಪ್ಪ” ಅಂದರು ಅಮ್ಮ. ಭಾವಮೈದ ಕೋನ, ದೂರ ಅಂತ ಏನೇನೋ ಹೇಳಿದ. ಅಮ್ಮ ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ದೇವರನ್ನ ಬಲಗಡೆಗೆ ಹಾಕ್ತೀಯಾ?” ಅಂದರು. ಎಡದ ಸ್ಪೀಕರ್ ಈಗ ಟಿವಿಗೆ ಅಂಟಿಕೊಂಡಿದೆ, ಬಲದ್ದು ಅಡುಗೆಮನೆ ಬಾಗಿಲ ಹತ್ತಿರ ದೂರದಲ್ಲಿದೆ. ಸಿನಿಮಾದಲ್ಲಿ ಕುದುರೆ ಎಡದಿಂದ ಓಡಿಬಂದರೆ ಕೊನೆಗೆ ಸಾರಿನ ಪಾತ್ರೆಯೊಳಗೆ ಬಿದ್ದ ಹಾಗೆ ಕೇಳಿಸುತ್ತದೆ.

ಸಬ್‌ವೂಫರ್ ನೋಡಿ ಅಮ್ಮನಿಗೆ ಮಾತ್ರ ಸಂತೋಷವಾಯಿತು. ಒಳ್ಳೇ ಎತ್ತರದ, ಗಟ್ಟಿ ಸ್ಟೂಲು. ಅದರ ಮೇಲೆ ಕ್ರೋಶಾ ಬಟ್ಟೆ ಹಾಸಿ, ಹಿತ್ತಾಳೆ ತಟ್ಟೆಯಲ್ಲಿ ಕುಂಕುಮದ ಬಟ್ಟಲು, ಗಂಧದ ಬಟ್ಟಲು ಇಟ್ಟರು. ಅವತ್ತಿನಿಂದ ಸಿನಿಮಾದಲ್ಲಿ ವಿಲನ್ ಬಂದಾಗಲೆಲ್ಲ ಕಿರ್ರ್ ಅನ್ನುವ ಶಬ್ದ. ಭಾವಮೈದ ಮುಂದಿನ ಸಲ ಬಂದವನು ಸ್ಪೀಕರ್ ಹರಿದಿದೆ ಅಂದ, ವೈರ್ ಸಡಿಲ ಅಂದ, ಆಂಪ್ಲಿಫೈಯರ್ ಬಿಚ್ಚಿ ಹರಡಿಕೊಂಡ. ಕುಂಕುಮ ಬಟ್ಟಲಿನ ಅಂಚಿನಿಂದ ನಡುಕ್ಕೆ ಜಾರುತ್ತಿದ್ದುದನ್ನು ನೋಡಿ ಗುಟ್ಟು ಹಿಡಿದವಳು ಮಗಳು.

ಪ್ಲಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. “ಎರಡು ಸಾಕು ಸಾರ್” ಅನ್ನುವ ಮಾತು ಕೇಳಿದರೆ ತಕ್ಷಣ ಆರು ಹಾಕಿಸಿ. ಅಡಾಪ್ಟರ್‌ಗಳು ಪಕ್ಕದ ತೂತನ್ನೂ ಮುಚ್ಚಿಕೊಂಡೇ ಕೂರುತ್ತವೆ. ಲಕ್ಷಗಟ್ಟಲೆ ಸುರಿದ ಮನೆಯಲ್ಲಿ ಟಿವಿ ಹಿಂದೆ ಹಳೇ ಬಾಡಿಗೆ ಮನೆಯ ಎಕ್ಸ್‌ಟೆನ್ಶನ್ ಬಾಕ್ಸೇ ಜೋತಾಡುತ್ತಿದೆ. ಇನ್ನೊಂದು ವಿಷಯ ಯುಪಿಎಸ್ ಲೈನ್. ನಮ್ಮಲ್ಲಿ ಟಿವಿಗೆ ಯುಪಿಎಸ್ ಕೊಟ್ಟರು, ರೂಟರ್‌ಗೆ ಕೊಡಲಿಲ್ಲ. ಕರೆಂಟ್ ಹೋದರೆ ಟಿವಿ ಧೀರವಾಗಿ ಉರಿಯುತ್ತಿರುತ್ತದೆ, ನೆಟ್ ಹೋಗಿರುತ್ತದೆ. ಪರದೆ ನಡುವೆ ಒಂದು ಚಕ್ರ ತಿರುಗುವುದನ್ನು ಮನೆಮಂದಿಯೆಲ್ಲ ಕೂತು ನೋಡುತ್ತೇವೆ.

ಗೃಹಪ್ರವೇಶಕ್ಕೆ ಬಂದ ನೆಂಟರು ಇದ್ಯಾವುದನ್ನೂ ಗಮನಿಸಲಿಲ್ಲ. ಅವರ ಕಣ್ಣು ಬಿದ್ದಿದ್ದು ರೂಮಿನ ಸ್ವಿಚ್‌ಬೋರ್ಡ್ ಮೇಲೆ. ಆಚಾರ್ರು ಬಾಗಿಲಿನ ಕೀಲನ್ನು ನಕ್ಷೆಯಲ್ಲಿದ್ದ ಕಡೆ ಬಿಟ್ಟು ಇನ್ನೊಂದು ಕಡೆ ಕೂರಿಸಿದ್ದರಿಂದ, ಬಾಗಿಲು ತೆರೆದರೆ ಬೋರ್ಡ್ ಹಿಂದೆ ಅಡಗುತ್ತದೆ. ಒಳಗೆ ಹೋಗಿ, ಕತ್ತಲಲ್ಲಿ ಬಾಗಿಲು ಹಾಕಿ, ಆಮೇಲೆ ಲೈಟ್ ಹಚ್ಚಬೇಕು. ದೊಡ್ಡಪ್ಪ ಊಟದ ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಇದನ್ನು ಆ ತುದಿಯಿಂದ ಈ ತುದಿವರೆಗೂ ಕೇಳಿಸುವ ಹಾಗೆ ಹೇಳಿದರು.

ಈಗ ಎಲ್ಲ ಒಂದು ಹದಕ್ಕೆ ಬಂದಿದೆ. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಬಂತು, ಹಾಲಿಗೆ ಜಮಖಾನ ಬಂತು, ಪ್ರತಿಧ್ವನಿಯೂ ಹೋಯಿತು. ಭಾವಮೈದ ಅಮ್ಮನಿಗೆ ಫೋನಿನಿಂದ ಟಿವಿಗೆ ಹಾಡು ಕಳಿಸುವುದನ್ನೂ ಕಲಿಸಿದ. ಶನಿವಾರ ರಾತ್ರಿ ಅವನೇ ಫೈಟ್ ಸಿನಿಮಾ ಹಾಕಿ, ಗೋಡೆ ಅದುರುವಷ್ಟು ವಾಲ್ಯೂಮ್ ಏರಿಸಿ ನೋಡಿ, ಹಾಗೇ ಬಿಟ್ಟು ಮಲಗಿದ. ಭಾನುವಾರ ಬೆಳಗಿನ ಜಾವ ಅಮ್ಮ ಸ್ನಾನ ಮುಗಿಸಿ ಬಂದು ಫೋನಿನಲ್ಲಿ ಸುಪ್ರಭಾತ ಒತ್ತಿದರು. ನೆಟ್‌ನಿಂದ ಹಾಡು, ಸಿನಿಮಾ ತರೋಕೆ ಟಿವಿಗೆ ಚುಚ್ಚಿದ್ದ ಸ್ಟ್ರೀಮಿಂಗ್ ಕಡ್ಡಿ ಎದ್ದಿತು, ಅದು ಟಿವಿಯನ್ನು ಎಬ್ಬಿಸಿತು, ಟಿವಿ ಆಂಪ್ಲಿಫೈಯರನ್ನು ಎಬ್ಬಿಸಿತು, ಆರೂ ಸ್ಪೀಕರ್ ಸೇರಿ ಇಡೀ ಬೀದಿಯನ್ನು ಎಬ್ಬಿಸಿದವು. ನಾವು ಎದ್ದೆನೋ ಬಿದ್ದೆನೋ ಅಂತ ಹಾಲಿಗೆ ಓಡಿದರೆ ಅಮ್ಮ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಮಂಗಳಾರತಿ ತಟ್ಟೆ ಹಿಡಿದು, ಟಿವಿಯನ್ನೇ ದುರುಗುಟ್ಟಿ ನೋಡುತ್ತಿದ್ದರು.

“ನಾನು ಏಳಿಸ್ತಿರೋದು ದೇವರನ್ನ. ಇದ್ಯಾಕೆ ಏಳುತ್ತೆ?”

“ಅಮ್ಮ, ಅದು ಎಚ್‌ಡಿಎಂಐ ಸಿಇಸಿ ಅಂತ, ಒಂದು ಎದ್ರೆ ಕೇಬಲ್ಲಲ್ಲೇ ಇನ್ನೊಂದನ್ನ ಎಬ್ಬಿಸುತ್ತೆ...” ಅಂತ ಭಾವಮೈದ ಕಣ್ಣುಜ್ಜಿಕೊಳ್ಳುತ್ತಾ ಶುರು ಮಾಡಿದ.

“ಮೊದಲು ಸ್ನಾನ ಮಾಡ್ಕೊಂಡು ಬಾ. ಆಮೇಲೆ ಹೇಳುವಂತೆ” ಅಂದು ಅಮ್ಮ ಒಳಗೆ ಹೋದರು.