ಅಂಗಳದಾಚೆಯ ಚಳಿ

ನಮ್ಮ ನಾಡಿನ ಚಳಿಗಾಲಕ್ಕೆ ಅಂಥ ಹೆಸರೇನೂ ಇಲ್ಲ. ಮಳೆಗಾಲವನ್ನು ಹಾಡಿ ಹೊಗಳಿದವರಿದ್ದಾರೆ, ಬೇಸಿಗೆಯನ್ನು ಬೈಯುವುದಕ್ಕೆ ಎಲ್ಲರೂ ಇದ್ದಾರೆ; ಚಳಿಯ ಪಾಲಿಗೆ ಉಳಿಯುವುದು ಅವರೆಕಾಯಿ, ಧನುರ್ಮಾಸದ ಹುಗ್ಗಿ ಮತ್ತು ಬೀರುವಿನಿಂದ ಹೊರಬಂದು ನುಸಿಗುಳಿಗೆಯ ವಾಸನೆ ಸೂಸುವ ಸ್ವೆಟರು ಮಾತ್ರ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಆ ದಾಖಲೆಯನ್ನು ಮುರಿಯುವ ಉತ್ಸಾಹ ಆಮೇಲಿನ ಯಾವ ಚಳಿಗೂ ಬಂದಿಲ್ಲ. ಆದರೂ ಉಷ್ಣಾಂಶ 15ಕ್ಕೆ ಇಳಿದರೆ ಸಾಕು, ಹಾಲು ತರಲು ಹೊರಟವರ ತಲೆಯ ಮೇಲೆ ಮಂಕಿ ಕ್ಯಾಪ್ ಏರುತ್ತದೆ ಮತ್ತು ಈ ಸಲದ ಚಳಿಯಂಥದ್ದನ್ನು ಹಿಂದೆಂದೂ ಕಂಡಿಲ್ಲವೆಂಬ ಮಾತು ಬೀದಿ ತುಂಬ ಕೇಳಿಸುತ್ತದೆ.

ಇಂಥ ಚಳಿಯನ್ನು ಕಿಟಕಿ ಮುಚ್ಚಿಕೊಂಡು ಕಳೆಯುವುದು ಶುದ್ಧ ದಂಡವೆಂಬುದು ನನ್ನ ವಾದ. ಹಿಮ ಸುರಿಯುವ ದೇಶಗಳಲ್ಲಿ ಚಳಿಗಾಲವೆಂದರೆ ಮನೆಯೊಳಗಿರುವ ಕಾಲ. ನಮ್ಮಲ್ಲಿ ಇಡೀ ಹಗಲು, ಇಡೀ ರಾತ್ರಿ ನೆಮ್ಮದಿಯಾಗಿ ಹೊರಗಿರಬಹುದಾದ ಕಾಲ ಅದೊಂದೇ. ಈ ವಿಷಯ ನಮಗಿಂತ ಚೆನ್ನಾಗಿ ತಿಳಿದಿರುವುದು ಪಟ್ಟೆತಲೆಯ ಹೆಬ್ಬಾತುಗಳಿಗೆ. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಕೆರೆಗಳು ಹೆಪ್ಪುಗಟ್ಟುವ ಹೊತ್ತಿಗೆ ಅವು ಹಿಮಾಲಯವನ್ನೇ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತವೆ. ನಾವು ಹಲ್ಲು ಕಡಿಯುತ್ತ ಶಪಿಸುವ ಡಿಸೆಂಬರಿನಲ್ಲಿ ಅವು ಹಗಲೆಲ್ಲ ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಅವುಗಳ ಲೆಕ್ಕದಲ್ಲಿ ಇದು ಬೇಸಿಗೆ ರಜೆಯೇ ಇರಬೇಕು.

ನನ್ನ ಮಟ್ಟಿಗೆ ಚಳಿಗಾಲದ ಮೊದಲ ಉಪಕಾರವೆಂದರೆ ಮಲೆನಾಡಿನಲ್ಲಿ ರಕ್ತ ಹೀರುವ ಜಿಗಣೆಗಳು, ಅಂದರೆ ಇಂಬಳಗಳು, ಮರೆಯಾಗುವುದು. ಮಳೆಗಾಲದ ಚಾರಣದ ಚೆಲುವನ್ನು ವರ್ಣಿಸುವವರು ಹೆಚ್ಚಾಗಿ ಚಿತ್ರಗಳನ್ನು ನೋಡಿದವರು. ನಡೆದವರಿಗೆ ನೆನಪಿರುವುದು ತಮ್ಮ ಕಾಲುಗಳು ಮಾತ್ರ, ಏಕೆಂದರೆ ಇಂಬಳ ಹತ್ತಿದೆಯೇ ಎಂದು ಹತ್ತು ಹೆಜ್ಜೆಗೊಮ್ಮೆ ಬಗ್ಗಿ ನೋಡುವವನ ಕಣ್ಣಿಗೆ ಬೆಟ್ಟ ಬೀಳುವುದಿಲ್ಲ. ಡಿಸೆಂಬರಿನಲ್ಲಿ ಮುಳ್ಳೋಡಿಯಿಂದ ಕುದುರೆಮುಖದ ನೆತ್ತಿಗೆ ಹತ್ತುವ ಹಾದಿಯಲ್ಲಿ ಎಲ್ಲಿ ಬೇಕಾದರೂ ಕೂರಬಹುದು. ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ, ಸುಮಾರು 1,890 ಮೀಟರ್ ಎತ್ತರದ ಶಿಖರ. ಹುಲ್ಲು ಹಸಿರು ಕಳೆದುಕೊಂಡು ಹೊಂಬಣ್ಣಕ್ಕೆ ತಿರುಗಿರುತ್ತದೆ, ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು ಕಪ್ಪುಹಸಿರಾಗಿ ಉಳಿದಿರುತ್ತದೆ. ಹೀಗೆ ಕುಳಿತಾಗಲೇ ತೊರೆಯ ಕಲ್ಲಿನ ಮೇಲೆ ಬೂದು ಸಿಪಿಲೆ ಕಾಣಿಸುತ್ತದೆ. ಊರಿನವರು ಕುಂಡೆಕುಸ್ಕ ಎಂದು ಯಾವ ಮುಲಾಜೂ ಇಲ್ಲದೆ ಕರೆಯುವ ಈ ಹಕ್ಕಿ, ಕಲ್ಲಿನಿಂದ ಕಲ್ಲಿಗೆ ಹಾರಿ, ಇಳಿದ ಕೂಡಲೇ ನಾಲ್ಕೈದು ಸಲ ಬಾಲವನ್ನು ಮೇಲೆ ಕೆಳಗೆ ಆಡಿಸಿ, ನೀರಿನಂಚಿನಲ್ಲಿ ನಮಗೆ ಕಾಣದ ಹುಳುವೊಂದನ್ನು ಚಕ್ಕನೆ ಹೆಕ್ಕಿ, ಮತ್ತೆ ಬಾಲ ಆಡಿಸುತ್ತದೆ. ಹಿಡಿಗಾತ್ರದ ಈ ಜೀವಿಯೂ ಹಿಮಾಲಯದ ಕಡೆಯಿಂದ ಚಳಿ ಕಳೆಯಲು ಬಂದದ್ದೇ. ಅದನ್ನು ಅರ್ಧ ಗಂಟೆ ನೋಡುತ್ತ ಕೂರುವುದು ಶಿಖರ ಮುಟ್ಟುವುದಕ್ಕಿಂತ ಕಡಿಮೆಯ ಕೆಲಸವೆಂದು ನನಗೆ ಅನ್ನಿಸಿಲ್ಲ. ಜೊತೆಗೆ ಬಂದವರಿಗೆ ಅನ್ನಿಸಿದ್ದುಂಟು.

ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಹಾಗಿರುವುದೇ ಸರಿ. ಡೇರೆ ಹಾಕಬೇಕಾದರೆ ತಪ್ಪಲಿನ ಯಾವುದಾದರೂ ತೋಟದ ಬದಿಯ ಬಯಲನ್ನು ಹುಡುಕಿಕೊಳ್ಳಬೇಕು. ಅದು ಅರೇಬಿಕಾ ಕಾಫಿಯ ಕೊಯ್ಲಿನ ಕಾಲವಾದ್ದರಿಂದ, ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬರುವ ಹುಳಿವಾಸನೆ ರಾತ್ರಿಯ ಗಾಳಿಯಲ್ಲೂ ಇರುತ್ತದೆ. ಇತ್ತೀಚೆಗೆ ಇಂಥ ಕಡೆಗಳಲ್ಲಿ ಬೆಂಕಿ ಹಾಕಿ, ಬಣ್ಣದ ದೀಪ ಕಟ್ಟಿ, ಧ್ವನಿವರ್ಧಕದಲ್ಲಿ ಕುಣಿಯುವ ಹಾಡು ಹಚ್ಚುವ ವ್ಯವಸ್ಥೆಯೂ ಬಾಡಿಗೆಯಲ್ಲೇ ಸೇರಿರುತ್ತದೆ. ನಗರದಿಂದ ಮುನ್ನೂರು ಕಿಲೋಮೀಟರ್ ಬಂದು ನಗರವನ್ನೇ ಹಾಸಿಕೊಂಡು ಮಲಗುವವರಿಗೆ ನಾನೇನೂ ಹೇಳಲಾರೆ. ದೀಪ ಆರಿಸಿಕೊಡುವ ಮಾಲೀಕರನ್ನು ಮಾತ್ರ ಹುಡುಕಿಕೊಳ್ಳುತ್ತೇನೆ.

ಡೇರೆಯಲ್ಲಿ ಮಲಗಿದವರಿಗೆ ಚಳಿ ಮೇಲಿನಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ. ಮೈಮೇಲೆ ಎರಡು ಹೊದಿಕೆ ಹೊದ್ದು ನೆಲದ ಮೇಲೆ ತೆಳ್ಳಗಿನ ಚಾಪೆ ಹಾಸಿಕೊಂಡವನು ನಡುರಾತ್ರಿಯಲ್ಲಿ ಎದ್ದು ಕೂರುತ್ತಾನೆ. ಒಂದನ್ನು ಅಡಿಗೆ ಹಾಸಿಕೊಂಡವನು ಬೆಳಗಿನ ತನಕ ಗೊರಕೆ ಹೊಡೆಯುತ್ತಾನೆ. ಹೊಲ ಕಾಯುವವರು, ಕುರಿ ಕಾಯುವವರು ಕರಿಕಂಬಳಿಯನ್ನು ಹಾಸಿಗೂ ಹೊದಿಕೆಗೂ ಬಳಸುವುದು ಸುಮ್ಮನೆ ಅಲ್ಲ. ಮಳೆಗಾಲದಲ್ಲಿ ಮೋಡ ಭೂಮಿಗೆ ಕೌದಿ ಹೊದಿಸಿರುತ್ತದೆ. ಹಗಲು ಕಾದ ನೆಲದ ಬಿಸಿ ಸುಲಭವಾಗಿ ತಪ್ಪಿಸಿಕೊಂಡು ಹೋಗುವುದಿಲ್ಲ. ಚಳಿಗಾಲದ ಒಣ, ನಿರ್ಮಲ ಆಕಾಶದಲ್ಲಿ ಆ ತಡೆ ಇಲ್ಲದ್ದರಿಂದ ನೆಲವೂ ಹುಲ್ಲೂ ಡೇರೆಯ ಬಟ್ಟೆಯೂ ಬೇಗ ತಣ್ಣಗಾಗಿ, ಅವಕ್ಕೆ ತಾಗಿದ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ. ಒಳಗೆ ಮಲಗಿದವರ ಉಸಿರೂ ಹಾಗೆಯೇ ಮಾಡಿನಲ್ಲಿ ಹನಿಗಟ್ಟಿ, ಮುಂಜಾವಿನ ನಾಲ್ಕು ಗಂಟೆಗೆ ಸರಿಯಾಗಿ ಹಣೆಯ ನಡುವೆ ಬೀಳುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆ ಸೇರುವುದರಿಂದ ಬೆಳಗ್ಗೆ ಮಂಜು ತುಂಬಿರುವುದು ತಗ್ಗಿನಲ್ಲಿ, ಬಿಸಿಲು ಹರಡಿರುವುದು ದಿಬ್ಬದಲ್ಲಿ. ಎಲ್ಲಿ ಡೇರೆ ಹೊಡೆಯಬೇಕೆಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ಮೈಯ ಬಿಸಿಯನ್ನು ಕದಿಯುವ ಆ ಬರಿದಾದ ಆಕಾಶವೇ ನಕ್ಷತ್ರಗಳನ್ನು ತೋರಿಸುವುದು. ಹೆಚ್ಚು ನಡುಗಿದ ರಾತ್ರಿ ಹೆಚ್ಚು ಕಂಡ ರಾತ್ರಿಯೂ ಆಗಿರುತ್ತದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20-30 ನಿಮಿಷ ಬೇಕು, ನಡುವೆ ಯಾರಾದರೂ ಮೊಬೈಲು ಬೆಳಗಿಸಿದರೆ ಮತ್ತೆ ಮೊದಲಿನಿಂದ ಎಣಿಸಬೇಕು. ಡಿಸೆಂಬರಿನಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಪೂರ್ವದಲ್ಲಿ ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧ ಏರಿರುತ್ತಾನೆ. ಅವನ ನಡುಪಟ್ಟಿಯ ಮೂರು ನಕ್ಷತ್ರಗಳ ಗೆರೆಯನ್ನು ಕೆಳಗೆ ಎಳೆದರೆ ಲುಬ್ಧಕ, ಮೇಲೆ ಎಳೆದರೆ ರೋಹಿಣಿ, ಅದರಾಚೆಗೆ ಕೃತ್ತಿಕೆಯ ಗುಂಪು. ಲುಬ್ಧಕದ ಬೆಳಕು ಎಂಟೂವರೆ ವರ್ಷ ಹಳೆಯದು, ಅಂದರೆ ನಮ್ಮೆದುರೇ ಹೊರಟದ್ದು. ಪಟ್ಟಿಯ ಕೆಳಗೆ ಮಸುಕಾಗಿ ಕಾಣುವ, ದುರ್ಬೀನು ಹಿಡಿದರೆ ಹೊಗೆಯ ತುಣುಕಿನಂತೆ ಬಿಡಿಸಿಕೊಳ್ಳುವ ನೀಹಾರಿಕೆ ಇರುವುದು ಸುಮಾರು 1,300 ಜ್ಯೋತಿರ್ವರ್ಷಗಳ ದೂರದಲ್ಲಿ. ಆ ಬೆಳಕು ಹೊರಟ ಕಾಲಕ್ಕೆ ಪಟ್ಟದಕಲ್ಲಿನಲ್ಲಿ ಚಾಲುಕ್ಯರ ಉಳಿಗಳ ಸದ್ದು ಕೇಳುತ್ತಿದ್ದಿರಬೇಕು. ಲುಬ್ಧಕದ ನಂತರ ಅತ್ಯಂತ ಪ್ರಕಾಶಮಾನವಾದ ಅಗಸ್ತ್ಯ ನಡುರಾತ್ರಿಯ ಹೊತ್ತಿಗೆ ದಕ್ಷಿಣದಲ್ಲಿ ನಿಚ್ಚಳವಾಗಿ ನಿಂತಿರುತ್ತದೆ. ದೆಹಲಿಯವರಿಗೆ ಅದು ದಿಗಂತಕ್ಕೆ ತೀರಾ ಹತ್ತಿರ, ಯುರೋಪಿನ ಬಹುಪಾಲು ಜನರಿಗೆ ಕಾಣುವುದೇ ಇಲ್ಲ. ದಕ್ಷಿಣದವರಾದ ನಾವು ಈ ಒಂದು ವಿಷಯದಲ್ಲಿ ಸ್ವಲ್ಪ ಜಂಬ ಪಟ್ಟರೆ ತಪ್ಪಿಲ್ಲ. ಡಿಸೆಂಬರ್ 14ರ ಆಸುಪಾಸಿನಲ್ಲಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಸುರಿಯುತ್ತವೆ. ಬೇರೆ ಉಲ್ಕಾವರ್ಷಗಳಿಗೆ ಹೆಚ್ಚಾಗಿ ಧೂಮಕೇತುಗಳು ಕಾರಣವಾದರೆ, ಇದಕ್ಕೆ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹದ ಪುಡಿಯೇ ಮೂಲ.

ಈ ಹವ್ಯಾಸವೆಲ್ಲ ನಗರದವರು ಹೊಸದಾಗಿ ಕಂಡುಹಿಡಿದದ್ದೆಂದು ಭಾವಿಸಬಾರದು. ಬೀದರ್, ಕಲಬುರಗಿ, ವಿಜಯಪುರದ ಕಡೆ ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಗಳನ್ನು ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ಬೆಳೆದು ನಿಂತ ಜೋಳದ ನಡುವೆ ಕುಳಿತು, ಗುರುತಿದ್ದವರನ್ನೂ ಇಲ್ಲದವರನ್ನೂ ಕರೆದು ಉಣ್ಣುತ್ತಾರೆ. ಹೊಲದ ಊಟಕ್ಕೆ ಸ್ವೆಟರಿನ ಹಂಗಿಲ್ಲ, ಚಂದ್ರನಿಲ್ಲದ ಆ ರಾತ್ರಿಗೆ ನಕ್ಷತ್ರಗಳ ಕೊರತೆಯಿಲ್ಲ; ಹಬ್ಬವನ್ನು ಗೊತ್ತು ಮಾಡಿದ ಹಿರಿಯರಿಗೆ ಹೊರಗಿರುವ ಸುಖದ ಪೂರ್ತಿ ಪರಿಚಯವಿತ್ತೆಂದೇ ನನ್ನ ನಂಬಿಕೆ.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟುಹೋಗುತ್ತದೆ, ಅದಕ್ಕೂ ಮೊದಲೇ ಹುಲ್ಲು ಒಣಗಿ, ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣದ ಹಾದಿಗಳನ್ನು ಮುಚ್ಚತೊಡಗುತ್ತದೆ. ಆದ್ದರಿಂದ ಹೊಸ ಕ್ಯಾಲೆಂಡರು ಮನೆಗೆ ಬಂದೊಡನೆ ನಾನು ಮೊದಲು ನೋಡುವುದು ಚಳಿಗಾಲದ ಅಮಾವಾಸ್ಯೆಗಳನ್ನು. ರಜೆಯ ಅರ್ಜಿಯಲ್ಲಿ ಕಾರಣವೆಂಬಲ್ಲಿ ‘ಎಳ್ಳಮಾವಾಸ್ಯೆ’ ಎಂದು ಬರೆಯುತ್ತೇನೆ. ಮನೆಯಲ್ಲಿ ದೊಡ್ಡ ಪೂಜೆಯಿರಬೇಕೆಂದು ತಿಳಿದು ಮೇಲಧಿಕಾರಿಗಳು ಸಹಿ ಹಾಕುತ್ತಾರೆ, ಪ್ರಸಾದ ತರಲು ಮಾತ್ರ ಮರೆಯದೆ ಹೇಳುತ್ತಾರೆ.